ಸಮಾಧಿಗೊಂದು ಕಿಟಕಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದಲ್ಲಿ ಗಾಜಿನ ಕಿಟಕಿ ಇರುವ ಸಮಾಧಿಯೊಂದಿದೆಯಂತೆ, ನಿಜವೇ? ಇಣುಕಿದರೆ ಈಗಲೂ ಒಳಗೆ ಕಾಣುತ್ತದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಜ. ವರ್ಮಾಂಟ್ ರಾಜ್ಯದ ನ್ಯೂ ಹೇವನ್ ಎಂಬ ಪುಟ್ಟ ಊರಿನ ಎವರ್‌ಗ್ರೀನ್ ಸ್ಮಶಾನದಲ್ಲಿದೆ. 1893ರಲ್ಲಿ ತೀರಿಕೊಂಡ ಡಾ. ಟಿಮೊಥಿ ಕ್ಲಾರ್ಕ್ ಸ್ಮಿತ್ ಅವರ ಸಮಾಧಿ ಅದು. ಸ್ವತಃ ವೈದ್ಯರಾಗಿದ್ದವರು, ಆಗ ರಷ್ಯಾಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ ಅಮೆರಿಕದ ಕಾನ್ಸಲ್ (ಸರ್ಕಾರದ ಪ್ರತಿನಿಧಿ) ಆಗಿಯೂ ಕೆಲಸ ಮಾಡಿದವರು. ಉಸಿರಿರುವಾಗಲೇ ತಮ್ಮನ್ನು ಹೂತುಬಿಟ್ಟರೆ ಎಂಬ ಭಯ ಅವರನ್ನು ಬಿಡದೆ ಕಾಡಿತ್ತು.

ಹೊರಗಿನಿಂದ ಅದೊಂದು ಹುಲ್ಲು ಬೆಳೆದ ದಿಬ್ಬ, ಅಷ್ಟೆ. ನೆತ್ತಿಯ ಮೇಲಿನ ಚಪ್ಪಡಿಯಲ್ಲಿ ಸುಮಾರು 14 ಇಂಚು ಚೌಕದ ದಪ್ಪ ಗಾಜು ಕೂರಿಸಿದ್ದಾರೆ. ಅದರಡಿ ಸುಮಾರು 6 ಅಡಿಯ ಸಿಮೆಂಟ್ ಕೊಳವೆ ನೇರ ಮುಖದ ಮೇಲಕ್ಕೆ ಇಳಿಯುತ್ತದೆ. ಕೈಗೊಂದು ಗಂಟೆಯನ್ನೂ ಕೊಟ್ಟಿದ್ದರೆಂದು ಜನ ಹೇಳುವುದುಂಟು.

ಈಗ ಇಣುಕಿದರೆ ಕಾಣುವುದು ನೀರಹನಿ ಮತ್ತು ಕತ್ತಲೆ. ಮಣ್ಣಿನ ತೇವ ಮೇಲೇರಿ ತಣ್ಣನೆಯ ಗಾಜಿಗೆ ತಗುಲಿ ಹನಿಗಟ್ಟುತ್ತದೆ. ಗಾಜಿನ ಒಳಮೈ ಒರೆಸುವಂತಿಲ್ಲ, ಹಾಗಾಗಿ ಬೂಷ್ಟು ಹಿಡಿದು ಮಸುಕಾಗಿದೆ. ಆದರೂ ಆ ಕಾಲದ ಉಪಾಯಗಳಲ್ಲಿ ಇದೇ ಹೆಚ್ಚು ವಿವೇಕದ್ದು: ಒಳಗಿರುವವರು ಏನನ್ನೂ ಮಾಡಬೇಕಿಲ್ಲ, ಮೇಲಿರುವವರು ನೋಡಿದರೆ ಸಾಕು. ಆದರೆ ಯಾರಾದರೂ ದಿನವೂ ಬಂದು ನೋಡಲೇಬೇಕು.

ಪ್ರಶ್ನೆ: ಗಂಟೆ ಕಟ್ಟಿದ ಶವಪೆಟ್ಟಿಗೆಗಳೂ ಇದ್ದವಂತೆ. ಅವುಗಳಿಂದ ಯಾರಾದರೂ ಬದುಕಿ ಬಂದರೇ?
– ಓದುಗರೊಬ್ಬರು, ತುಮಕೂರು

ಉತ್ತರ: ಹಾಗೆ ಬದುಕಿದವರ ನಂಬಲರ್ಹ ದಾಖಲೆ ಒಂದೂ ಇಲ್ಲ. ಪ್ರಯತ್ನಗಳಿಗೇನೂ ಬರವಿರಲಿಲ್ಲ. ನ್ಯೂಜೆರ್ಸಿಯ ನೆವಾರ್ಕ್‌ನ ಫ್ರಾಂಜ್ ವೆಸ್ಟರ್ 1868ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆಯಲ್ಲಿ ಮುಖದ ಮೇಲೆ ಚೌಕ ಕೊಳವೆ, ಅದರೊಳಗೆ ಏಣಿ, ಕೈಗೆ ಗಂಟೆಯ ಹಗ್ಗ. ಸಾವು ಖಚಿತವಾದ ಮೇಲೆ ಕೊಳವೆಯನ್ನು ಮೇಲೆಳೆದು ಮತ್ತೊಬ್ಬರಿಗೆ ಬಳಸಬಹುದಿತ್ತು. 1897ರಲ್ಲಿ ರಷ್ಯಾದ ಆಸ್ಥಾನಿಕ ಕೌಂಟ್ ಕಾರ್ನಿಸ್-ಕಾರ್ನಿಕಿ ಇನ್ನೂ ಮುಂದೆ ಹೋದರು. ಎದೆಯ ಮೇಲೊಂದು ಗಾಜಿನ ಗುಂಡು. ಎದೆ ಕದಲಿದರೆ ಸ್ಪ್ರಿಂಗ್ ಬಿಚ್ಚಿ, ನೆಲದ ಮೇಲಿನ ಡಬ್ಬಿಯ ಮುಚ್ಚಳ ತೆರೆದು, ಒಳಗೆ ಗಾಳಿ ಬೆಳಕು ಹೋಗುತ್ತಿತ್ತು. ಬಾವುಟ ಏಳುತ್ತಿತ್ತು, ಗಂಟೆ ಬಾರಿಸುತ್ತಿತ್ತು.

ಕೈಕೊಟ್ಟಿದ್ದು ಇಲ್ಲೇ. ಶವ ಕೊಳೆಯುವಾಗ ಹೊಟ್ಟೆಯಲ್ಲಿ ಅನಿಲ ತುಂಬಿ ಮೈ ಉಬ್ಬುತ್ತದೆ, ಕೈ ಜರುಗುತ್ತದೆ. ಸೂಕ್ಷ್ಮವಾದ ಯಂತ್ರಕ್ಕೆ ಅದೂ ಜೀವದ ಚಲನೆಯೇ. ಸಾವು ಖಚಿತವಾಗುವವರೆಗೆ ಶವವನ್ನು ಇಟ್ಟು ಕಾಯುತ್ತಿದ್ದ ಜರ್ಮನಿಯ ‘ಶವ ಕಾಯುವ ಮನೆ’ಗಳಲ್ಲಿ ಬೆರಳಿಗೆ ಕಟ್ಟಿದ ಗಂಟೆಯ ದಾರದಿಂದಲೂ ಇದೇ ಪಾಡಾಯಿತು. ಇನ್ನು ಹಗ್ಗ ಎಳೆಯಬೇಕಾದ ಗಂಟೆಯದು ತದ್ವಿರುದ್ಧ ತೊಂದರೆ: ಸತ್ತಂತೆ ಕಾಣುವಷ್ಟು ಪ್ರಜ್ಞೆ ತಪ್ಪಿದವರು ಹಗ್ಗ ಎಳೆಯುವುದಾದರೂ ಹೇಗೆ? ಗಾಳಿ ಆಡದ ಪೆಟ್ಟಿಗೆಯಲ್ಲಿ ಎಚ್ಚರವಾಗುವ ಮೊದಲೇ ಇಂಗಾಲದ ಡೈಆಕ್ಸೈಡ್ ಏರಿ ಪ್ರಾಣ ಹೋಗಬಹುದು.

ಈ ಭಯವನ್ನು ಇಳಿಸಿದ್ದು ಪೆಟ್ಟಿಗೆಯಲ್ಲ, ಸ್ಟೆತೊಸ್ಕೋಪ್. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಅದನ್ನು ರೂಪಿಸಿದರು. 1840ರ ದಶಕದಲ್ಲಿ ಅದೇ ಫ್ರಾನ್ಸಿನ ಯುಜೀನ್ ಬುಶು, ಎದೆಬಡಿತ ಪೂರ್ತಿ ನಿಂತದ್ದನ್ನು ಕಿವಿಗೊಟ್ಟು ಕೇಳಿ ಸಾವನ್ನು ನಿರ್ಧರಿಸಬಹುದೆಂದು ವಾದಿಸಿದರು.

ಪ್ರಶ್ನೆ: ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಖಚಿತಪಡಿಸಿಕೊಳ್ಳುವುದು ಹೇಗೆ? ಮೂಗಿನ ಬಳಿ ಹತ್ತಿ ಹಿಡಿದರೆ ಸಾಲದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಸಾಲದು. ಉಸಿರು ತೀರಾ ಸಣ್ಣದಾಗಿದ್ದರೆ ಹತ್ತಿಯ ಎಳೆ ಅಲುಗುವುದಿಲ್ಲ, ಫ್ಯಾನ್ ತಿರುಗುತ್ತಿದ್ದರೆ ಸುಮ್ಮನೆ ಅಲುಗುತ್ತದೆ. ಮಣಿಕಟ್ಟಿನ ನಾಡಿಯನ್ನೂ ನೆಚ್ಚಬೇಡಿ, ರಕ್ತದೊತ್ತಡ ಕುಸಿದಾಗ ಮೊದಲು ಸಿಗದಾಗುವುದು ಅದೇ. ವೈದ್ಯರನ್ನು ಕರೆಸಿ. ಅವರು ಕುತ್ತಿಗೆಯ ನಾಡಿ, ಎದೆಬಡಿತ, ಉಸಿರಿನ ಸದ್ದು, ಬೆಳಕಿಗೆ ಪಾಪೆಯ ಪ್ರತಿಕ್ರಿಯೆ ನೋಡುತ್ತಾರೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯ ಪ್ರಕಾರ ಕನಿಷ್ಠ 5 ನಿಮಿಷ ಬಿಡದೆ ಗಮನಿಸಬೇಕು. ಕ್ಷಣಕಾಲ ಸ್ಟೆತೊಸ್ಕೋಪ್ ಇಟ್ಟು ಎದ್ದರೆ, ಇನ್ನೊಮ್ಮೆ ನೋಡಿ ಎಂದು ಕೇಳಲು ಸಂಕೋಚ ಬೇಡ. ಇಸಿಜಿ ಇದ್ದರೆ ಇನ್ನೂ ಒಳ್ಳೆಯದು. ಹಲವು ದಿನ ಕಾಯಿಲೆಯಿಂದ ಇದ್ದವರಾದರೆ, ಚಿಕಿತ್ಸೆ ಕೊಡುತ್ತಿದ್ದ ವೈದ್ಯರಿಂದಲೇ ಸಾವಿನ ಕಾರಣದ ನಮೂನೆ 4ಎ ಪಡೆಯಿರಿ. ನೋಂದಣಿಗೆ 21 ದಿನಗಳ ಅವಧಿ ಇದೆ.

ಕೆಲವು ಗಂಟೆಗಳಲ್ಲಿ ದವಡೆ, ಕುತ್ತಿಗೆ ಮೊದಲಾಗಿ ಮೈ ಸೆಟೆಯುತ್ತದೆ, ಅಡಿಭಾಗದಲ್ಲಿ ರಕ್ತ ಇಳಿದು ಕಲೆಗಟ್ಟುತ್ತದೆ. ಕಪ್ಪು ಮೈಬಣ್ಣದವರಲ್ಲಿ ಈ ಕಲೆ ಸುಲಭವಾಗಿ ಕಾಣದು.

ನಿದ್ರೆಮಾತ್ರೆ ಹೆಚ್ಚಾದವರು, ನೀರಿನಲ್ಲಿ ಮುಳುಗಿದವರು, ಚಳಿಯಲ್ಲಿ ಮೈ ತಣ್ಣಗಾದವರು, ವಿದ್ಯುತ್ ಶಾಕ್ ತಗುಲಿದವರ ವಿಷಯದಲ್ಲಿ ಮನೆಯವರೇ ತೀರ್ಮಾನಿಸಲೇಬಾರದು. ಶಾಕ್ ಆಗಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ. ಉಸಿರಾಟ ಕಾಣದಿದ್ದರೆ 108ಕ್ಕೆ ಕರೆಮಾಡಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120ರಂತೆ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರಿ. ಮುಳುಗಿದವರಿಗೆ ಬಾಯಿಯಿಂದ ಉಸಿರನ್ನೂ ಕೊಡಬೇಕು. ಆಂಬುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವವರೆಗೆ ನಿಲ್ಲಿಸಬೇಡಿ.