ಕ್ಷೌರದ ಕತ್ತಿಗೆ ಜಪಾನಿನ ಸಾಣೆಕಲ್ಲು: ಮೊದಲನೆಯದು ಯಾವುದು ತಗೊಳ್ಳಲಿ?

ನಿಮ್ಮ ಹತ್ತಿರ ಆಗಲೇ 1000, 5000, 8000ದ ಕಾರ್ಖಾನೆ ಕಲ್ಲುಗಳಿವೆ (ಅಂಕಿ ಹೆಚ್ಚಾದಷ್ಟೂ ಕಲ್ಲು ನುಣುಪು). ಕೊನೆಯ ಹಂತಕ್ಕೆ ಜಪಾನಿನ ಗಣಿಯಿಂದ ತೆಗೆದ ಕಲ್ಲು ಬೇಕು, ನಕಯಾಮ ಗಣಿಯ ಮುದ್ರೆ ಇರೋದನ್ನೇ ತಗೋಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಮುದ್ರೆಗೆ ದುಡ್ಡು ಕೊಡಬೇಡಿ, ಕಲ್ಲಿಗೆ ಕೊಡಿ.

ಈ ಕಲ್ಲುಗಳು ಸಿಗೋದು ಕ್ಯೋಟೋ ಸುತ್ತಲಿನ ಬೆಟ್ಟಗಳಲ್ಲಿ. ಸುಮಾರು 25 ಕೋಟಿ ವರ್ಷಗಳ ಹಿಂದೆ ಆಳ ಸಮುದ್ರದ ತಳದಲ್ಲಿ ನುಣುಪಾದ ಜೇಡಿ, ಸಿಲಿಕಾ ಕೂತು ಗಟ್ಟಿಯಾದ ಪದರಗಳಿವು. ನಕಯಾಮ, ಓಜುಕು, ಶೋಬುದಾನಿ ಎಲ್ಲ ಗಣಿಗಳ ಹೆಸರು. ನಕಯಾಮ ಗಣಿ ಮುಚ್ಚಿ ದಶಕಗಳೇ ಆದವು, ಅದಕ್ಕೇ ಆ ಹೆಸರಿಗೆ ಅಷ್ಟು ಬೆಲೆ. ಆದರೆ ಮುದ್ರೆಯನ್ನು ಆಮೇಲೂ ಒತ್ತಬಹುದು, ಅಲ್ವಾ? ಮೇಲಾಗಿ ಒಂದೇ ಗಣಿಯ ಎರಡು ಕಲ್ಲು ಒಂದೇ ಥರ ಕೆಲಸ ಮಾಡಲ್ಲ.

ಕ್ಷೌರದ ಕತ್ತಿಗೆ ಬೇಕಾಗಿರೋದು ಗಟ್ಟಿ ಕಲ್ಲು. ಮಾರುವವರು ಗಟ್ಟಿತನವನ್ನು 1ರಿಂದ 5ರವರೆಗೆ ಅಂಕಿಯಲ್ಲಿ ಹೇಳುತ್ತಾರೆ. 5ರ ಹತ್ತಿರದ್ದು ನೋಡಿ, ಆದರೆ ಅದು ಅವರವರ ಕೈಯಂದಾಜು ಅನ್ನೋದು ನೆನಪಿರಲಿ. ಗಟ್ಟಿ ಕಲ್ಲಿನ ಮೇಲೆ ಹಾಕಿದ ನೀರು ಬೇಗ ಇಂಗುವುದಿಲ್ಲ. ಇನ್ನೊಂದು ವಿಷಯ, ಕೆಲವು ಕಲ್ಲುಗಳಲ್ಲಿ ಅಲಗನ್ನು ಗೀರುವ ಗೆರೆಗಳಿರುತ್ತವೆ. ಮೊದಲು ಒಂದು ಹಳೇ ಕತ್ತಿ ಎಳೆದು ನೋಡಿ. ಕರಕರ ಅಂದರೆ ಆ ಕಲ್ಲು ಬೇಡ. ಕಲ್ಲು ದೊಡ್ಡದೂ ಇರಬೇಕಿಲ್ಲ. ಅಂಕುಡೊಂಕಾದ ಸಣ್ಣ ತುಂಡುಗಳನ್ನು ‘ಕೊಪ್ಪಾ’ ಅಂತ ಮಾರುತ್ತಾರೆ, ಬೆಲೆ ಎಷ್ಟೋ ಕಮ್ಮಿ. ನಾನು ಕೂಡಿಟ್ಟ ಕಲ್ಲುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಂಗೈಯಗಲದ ಒಂದು ಬೂದು ತುಂಡು. ಅದರ ಮೇಲೆ ಯಾವ ಮುದ್ರೆಯೂ ಇಲ್ಲ.

ಬಳಸುವಾಗ ಇಡೀ ಆಟ ಕೆಸರಿನದ್ದು. ನಾಲ್ಕು ಹನಿ ನೀರು ಹಾಕಿ, ಅದೇ ಜಾತಿಯ ಚಿಕ್ಕ ಕಲ್ಲಿನಿಂದ ಮೇಲ್ಮೈ ಉಜ್ಜಿ. ಗಂಧ ತೇಯ್ದ ಹಾಗೆ ತೆಳ್ಳಗೆ ಹಾಲುಬಣ್ಣದ ಕೆಸರು ಏಳುತ್ತದೆ. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು, ಒತ್ತಡ ಮಾತ್ರ ಬೇಡವೇ ಬೇಡ. ಎಳೆಯುತ್ತಾ ಹೋದಂತೆ ಉಕ್ಕು ಸೇರಿ ಕೆಸರು ಕಪ್ಪಾಗುತ್ತದೆ. ಆಗ ಹನಿ ಹನಿಯಾಗಿ ನೀರು ಸೇರಿಸುತ್ತಾ ಕೆಸರು ತೆಳ್ಳಗೆ ಮಾಡಿ. ಕೊನೆಗೆ ಬರೀ ನೀರು. ಕತ್ತಿ ಕಲ್ಲಿಗೆ ಅಂಟಿದ ಹಾಗೆ ಎಳೆಯತೊಡಗಿದರೆ ಮುಗಿಯುತ್ತಾ ಬಂತು ಅಂತ ಲೆಕ್ಕ. ಆಮೇಲೆ ಚರ್ಮದ ಪಟ್ಟಿಯ ಮೇಲೆ ಎಳೆಯೋದು.

ಐಚಿ ಪ್ರಾಂತ್ಯದ ಮಿಕಾವಾ ನಗುರ ಅಂತ ಬಿಳಿ ಕಲ್ಲುಗಳೂ ಬರುತ್ತವೆ. ಅವುಗಳಲ್ಲಿ ಬೋತಾನ್, ತೆಂಜೋ, ಮೆಜಿರೋ, ಕೋಮಾ ಅನ್ನೋ ಬಗೆಗಳನ್ನು ಒಂದಾದ ಮೇಲೊಂದು ಗಟ್ಟಿ ಕಲ್ಲಿನ ಮೇಲೆ ಉಜ್ಜಿ ಕೆಸರು ಎಬ್ಬಿಸುತ್ತಾರೆ. ಚೆಂದದ ಕೆಲಸ, ನನಗೂ ಇಷ್ಟ. ಆದರೆ ನಿಮ್ಮ 8000ದ ಕಲ್ಲು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಈಗಲೇ ಅವು ಬೇಕಿಲ್ಲ. ಆ ದುಡ್ಡನ್ನೂ ಸೇರಿಸಿ ಇನ್ನೂ ಒಳ್ಳೆಯ ಗಟ್ಟಿ ಕಲ್ಲು ತಗೊಳ್ಳಿ. ಬಂದ ಕೂಡಲೇ ಅದರ ಪಕ್ಕಗಳಿಗೆ ವಾರ್ನಿಶ್ ಬಳಿಯಿರಿ, ಇಲ್ಲದಿದ್ದರೆ ನೀರು ನುಗ್ಗಿ ಪದರ ಬಿಡಬಹುದು. ಒಣಗಿಸೋದು ನೆರಳಲ್ಲಿ.