ಜೋಕರ್‌ನನ್ನು ಹೊಗಳಿದ್ದೀರಿ, ತೋರಿಸಿಲ್ಲ

ಪ್ರಿಯ ಬರಹಗಾರರೇ,

'ದಿ ಡಾರ್ಕ್ ನೈಟ್' ಬಗ್ಗೆ ನೀವು ಕಳಿಸಿದ ಬರಹವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಅದನ್ನು ತಿದ್ದಿ ಮತ್ತೆ ಕಳಿಸಬೇಕು ಅನ್ನುವ ಆಸೆ ನನಗಿದೆ. ಅದಕ್ಕೇ ಎರಡು ಸಾಲಿನ ವಿಷಾದ ಪತ್ರ ಬರೆಯದೆ, ಸ್ವಲ್ಪ ಬಿಡಿಸಿ ಹೇಳುತ್ತಿದ್ದೇನೆ.

ನಿಮ್ಮ ವಾದ ಇಷ್ಟು. 2005ರ 'ಬ್ಯಾಟ್‌ಮನ್ ಬಿಗಿನ್ಸ್' ಆದ ಮೇಲೆ ಕ್ರಿಸ್ಟೋಫರ್ ನೋಲನ್ 2008ರಲ್ಲಿ ತಂದ ಈ ಎರಡನೇ ಭಾಗ ಹೀತ್ ಲೆಡ್ಜರ್ ಒಬ್ಬರದೇ ಸಿನಿಮಾ. ಅವರು ಮಾಡಿದ ಖಳನಾಯಕ ಜೋಕರ್ ಇಲ್ಲದ ದೃಶ್ಯಗಳಲ್ಲಿ ನಾವು ಅವನು ಬರಲಿ ಅಂತ ಕಾಯುತ್ತೇವೆ ಅಷ್ಟೇ. ಬ್ಯಾಟ್‌ಮನ್ ಆಗಿ ಕ್ರಿಶ್ಚಿಯನ್ ಬೇಲ್ ಮರಗಟ್ಟಿ ನಿಂತಿದ್ದಾರೆ. ಉಳಿದವರ ಬಗ್ಗೆ ಹೇಳುವುದಕ್ಕೆ ಜಾಸ್ತಿ ಏನಿಲ್ಲ. ಇಂಥ ಖಡಕ್ ಅಭಿಪ್ರಾಯ ನನಗೆ ಇಷ್ಟ. ನಾನು ಒಪ್ಪದಿದ್ದರೂ ಪ್ರಕಟಿಸುತ್ತೇನೆ. ಆದರೆ ಓದುಗರು ಅದನ್ನು ನಂಬಬೇಕಾದರೆ ನೀವು ಏನು ಕಂಡಿರಿ ಅನ್ನುವುದು ಅವರಿಗೆ ಗೊತ್ತಾಗಬೇಕು. ನಿಮ್ಮ ಬರಹದಲ್ಲಿ ಅದೇ ಇಲ್ಲ.

ಲೆಡ್ಜರ್ ಬಗ್ಗೆ ನೀವು ಬರೆದ ಪ್ಯಾರಾ ನೋಡಿ. 'ಪರಕಾಯ ಪ್ರವೇಶ', 'ಪಾತ್ರಕ್ಕೆ ಜೀವ ತುಂಬಿದ್ದಾರೆ', 'ಮೈ ಜುಮ್ಮೆನ್ನುತ್ತದೆ', 'ನ ಭೂತೋ ನ ಭವಿಷ್ಯತಿ'. ಈ ಪ್ಯಾರಾದಲ್ಲಿ ಲೆಡ್ಜರ್ ಹೆಸರು ತೆಗೆದು ಬೇರೆ ಯಾವ ನಟನ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ನೀವು ಸಿನಿಮಾವನ್ನು ಎಷ್ಟೋ ಸಲ ನೋಡಿದ್ದೀರಿ ಅಂತ ಬರೆದಿದ್ದೀರಿ. ಹಾಗಾದರೆ ಆ ನಾಲಿಗೆಯನ್ನು ನೀವು ಗಮನಿಸದೇ ಇರಲು ಸಾಧ್ಯವೇ ಇಲ್ಲ. ಅದು ಪದೇ ಪದೇ ಹೊರಗೆ ಬಂದು ತುಟಿ ಸವರುತ್ತದೆ, ಬಾಯಿಯ ಮೂಲೆಯ ಗಾಯವನ್ನು ಮುಟ್ಟಿ ಒಳಗೆ ಹೋಗುತ್ತದೆ. ಧ್ವನಿ ಮೂಗಿನಲ್ಲಿ ಹೊರಟು, ಒಂದೇ ವಾಕ್ಯದೊಳಗೆ ದಪ್ಪ ಗುಡುಗಿಗೆ ಇಳಿಯುತ್ತದೆ. ಭುಜ ಮುಂದಕ್ಕೆ ಬಾಗಿರುತ್ತದೆ. ಇದೇ ನಟ ಮೂರು ವರ್ಷ ಮೊದಲು 'ಬ್ರೋಕ್‌ಬ್ಯಾಕ್ ಮೌಂಟನ್'ನಲ್ಲಿ ಬಾಯಿಯನ್ನೇ ಸರಿಯಾಗಿ ತೆರೆಯದ ಮನುಷ್ಯನಾಗಿದ್ದರು. ಮಾತು ಹಲ್ಲಿನ ಹಿಂದೆಯೇ ಸಿಕ್ಕಿಕೊಳ್ಳುತ್ತಿತ್ತು. ಇಲ್ಲಿ ಅದೇ ಬಾಯಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನಾಲ್ಕು ಸಾಲು ಬರೆದಿದ್ದರೆ ನಿಮ್ಮ ಹೊಗಳಿಕೆಯೇ ಬೇಕಾಗುತ್ತಿರಲಿಲ್ಲ, ಅಲ್ವಾ?

ಗಾಯದ ಕಥೆಯನ್ನೂ ನೀವು ಬಿಟ್ಟಿದ್ದೀರಿ. ಮುಖದ ಗಾಯ ಹೇಗಾಯಿತು ಅಂತ ಜೋಕರ್ ಒಂದು ಸಲ ಅಪ್ಪನ ಕಥೆ ಹೇಳುತ್ತಾನೆ, ಇನ್ನೊಂದು ಸಲ ಹೆಂಡತಿಯ ಕಥೆ. ಎರಡೂ ನಿಜ ಇರಲಾರದು. ಆದರೆ ಎರಡನ್ನೂ ಲೆಡ್ಜರ್ ನಿಜ ಅಂತಲೇ ಹೇಳುತ್ತಾರೆ. ಸುಳ್ಳುಗಾರನ ಹಾಗೆ ಕಣ್ಣು ಹೊಡೆಯುವುದಿಲ್ಲ, ಪ್ರೇಕ್ಷಕರಿಗೆ ಗುಟ್ಟಾಗಿ ಸುಳಿವು ಕೊಡುವುದಿಲ್ಲ. ಈ ಮನುಷ್ಯನಿಗೆ ಹಿನ್ನೆಲೆಯೇ ಇಲ್ಲ ಅನ್ನುವ ಭಯ ಹುಟ್ಟುವುದು ಅಲ್ಲಿಂದ. ಇದು ಚಿತ್ರಕಥೆಯ ಬಲವೋ ನಟನ ಬಲವೋ? ನನ್ನ ಪ್ರಕಾರ ಎರಡೂ. ನಿಮ್ಮ ಉತ್ತರ ಬೇರೆ ಇರಬಹುದು. ಅದನ್ನೇ ಓದಬೇಕು ಅಂತ ನನಗೆ ಆಸೆ.

ಇದರ ಬದಲು ನೀವು ಒಂದು ಪುಟ ತುಂಬಾ ಲೆಡ್ಜರ್ ಸಾವಿನ ಬಗ್ಗೆ ಬರೆದಿದ್ದೀರಿ. ಜೋಕರ್ ಪಾತ್ರವೇ ಅವರನ್ನು ಕೊಂದಿತು ಅಂದಿದ್ದೀರಿ. ಈ ಪುಟವನ್ನು ಪೂರ್ತಿ ತೆಗೆಯಿರಿ. ಅವರು ತೀರಿಕೊಂಡದ್ದು 2008ರ ಜನವರಿ 22ರಂದು, ನ್ಯೂಯಾರ್ಕ್‌ನಲ್ಲಿ. ಆಗ ಅವರಿಗೆ 28 ವರ್ಷ. ವೈದ್ಯರು ಬರೆದುಕೊಡುವಂಥ ಹಲವು ಔಷಧಿಗಳು ಒಟ್ಟಿಗೆ ಸೇರಿ ಆದ ಆಕಸ್ಮಿಕ ಸಾವು ಅಂತ ಅಲ್ಲಿನ ಅಧಿಕೃತ ವರದಿ ಹೇಳಿತು. ಅಷ್ಟರಲ್ಲಿ ಜೋಕರ್ ಚಿತ್ರೀಕರಣ ಮುಗಿದು, ಅವರು ಬೇರೊಂದು ಸಿನಿಮಾದ ಕೆಲಸದಲ್ಲಿದ್ದರು. ನನ್ನ ತಮ್ಮ ಜೋಕರ್ ಪಾತ್ರವನ್ನು ಖುಷಿಯಿಂದಲೇ ಮಾಡಿದ್ದ ಅಂತ ಅವರ ಅಕ್ಕ ಆಮೇಲೆ ಹೇಳಿದ್ದಾರೆ. ಒಬ್ಬ ಮನುಷ್ಯನ ಸಾವನ್ನು ಅವನ ನಟನೆಗೆ ಪ್ರಮಾಣಪತ್ರ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅದು ಅವರ ಕೆಲಸಕ್ಕೂ ಅನ್ಯಾಯ. ಯೋಚಿಸಿ, ಅಳೆದು, ಕಟ್ಟಿದ ಪಾತ್ರ ಅದು. ಅದನ್ನು ಮೈಮೇಲೆ ಬಂದ ದೆವ್ವದ ಹಾಗೆ ವರ್ಣಿಸಿದರೆ ನಟನ ಬೆವರು ಮರೆಯಾಗುತ್ತದೆ.

ಆಸ್ಪತ್ರೆ ಸ್ಫೋಟದ ಬಗ್ಗೆಯೂ ನೀವು ಇದೇ ದಾರಿ ಹಿಡಿದಿದ್ದೀರಿ. ಬಾಂಬು ಸಿಡಿಯುವುದು ತಡವಾಯಿತು, ನರ್ಸ್ ವೇಷದಲ್ಲಿದ್ದ ಲೆಡ್ಜರ್ ಕೈಯಲ್ಲಿನ ರಿಮೋಟ್ ಅಲ್ಲಾಡಿಸುತ್ತಾ ಆ ಕ್ಷಣದಲ್ಲಿ ಏನೋ ಹೊಳೆದದ್ದನ್ನು ಮಾಡಿದರು ಅಂತ. ಎಲ್ಲ ಕಡೆ ಓಡಾಡುವ ಕಥೆ ಇದು, ನಿಜವಲ್ಲ. ಚಿಕಾಗೊದಲ್ಲಿ ಖಾಲಿ ಬಿದ್ದಿದ್ದ ಹಳೆಯ ಕ್ಯಾಂಡಿ ಫ್ಯಾಕ್ಟರಿಯ ಕಟ್ಟಡವನ್ನು ನಿಜವಾಗಿಯೇ ಉರುಳಿಸಿದ ಶಾಟ್ ಅದು. ನಡುವೆ ಬರುವ ಆ ನಿಲುಗಡೆ ಮೊದಲೇ ಯೋಜಿಸಿದ್ದು. ಅಷ್ಟು ದೊಡ್ಡ ಸ್ಫೋಟದ ಪಕ್ಕದಲ್ಲಿ, ಮೊದಲೇ ಗೊತ್ತಿರುವ ವಿರಾಮವನ್ನು ಆಗಷ್ಟೇ ಆದದ್ದು ಅನ್ನಿಸುವ ಹಾಗೆ ಮಾಡಿದ್ದಾರಲ್ಲ, ಹೊಗಳಬೇಕಾದದ್ದು ಅದನ್ನು. ಇನ್ನೊಂದು ತಿದ್ದುಪಡಿ. ಸತ್ತ ಮೇಲೆ ನಟನೆಗೆ ಆಸ್ಕರ್ ಪಡೆದವರಲ್ಲಿ ಲೆಡ್ಜರ್ ಮೊದಲಿಗರಲ್ಲ. 'ನೆಟ್‌ವರ್ಕ್' ಸಿನಿಮಾಕ್ಕಾಗಿ 1977ರಲ್ಲಿ ಪೀಟರ್ ಫಿಂಚ್‌ಗೆ ಆ ಗೌರವ ಸಿಕ್ಕಿತ್ತು.

ಈಗ ಬೇಲ್ ವಿಷಯ. ನಿಮ್ಮ ಜೊತೆ ನನಗೆ ನಿಜವಾದ ಜಗಳ ಇರುವುದು ಇಲ್ಲೇ. ಪೊಲೀಸ್ ಠಾಣೆಯ ವಿಚಾರಣೆ ದೃಶ್ಯವನ್ನು ನೀವು 'ಲೆಡ್ಜರ್‌ನ ಶಿಖರ' ಅಂದಿದ್ದೀರಿ. ಆ ದೃಶ್ಯವನ್ನು ಇನ್ನೊಂದು ಸಲ ಹಾಕಿಕೊಳ್ಳಿ. ಈ ಸಲ ಬೇಲ್ ಕಡೆ ಮಾತ್ರ ನೋಡಿ. ಕತ್ತಲೆಯಲ್ಲಿ ಪೊಲೀಸ್ ಅಧಿಕಾರಿ ಗಾರ್ಡನ್ ಮತ್ತು ಜೋಕರ್ ಮಾತು ಮುಗಿಯುತ್ತದೆ. ಗಾರ್ಡನ್ ಎದ್ದು ಹೋಗುತ್ತಾರೆ. ದೀಪ ಹತ್ತಿದಾಗ ಬ್ಯಾಟ್‌ಮನ್ ಜೋಕರ್‌ನ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಕೋಣೆಯಲ್ಲಿ ಬಿಳಿ ಬೆಳಕು, ಅಡಗಿಕೊಳ್ಳಲು ಒಂದು ಮೂಲೆಯೂ ಇಲ್ಲ. ಇಡೀ ಸಿನಿಮಾದಲ್ಲಿ ಕತ್ತಲೆಯೇ ಇವನ ಬಲ. ಇಲ್ಲಿ ಅದು ಕಳಚಿಹೋಗಿದೆ. ಮೊದಲು ಅವನು ಜೋಕರ್‌ನ ತಲೆಯನ್ನು ಮೇಜಿಗೆ ಅಪ್ಪಳಿಸಿ, ಆಮೇಲೆ ಕೂತು ಪ್ರಶ್ನೆ ಕೇಳುತ್ತಾನೆ. ತಾನು ಪ್ರೀತಿಸುವ ರೇಚಲ್ ವಿಷಯ ಬಂದ ಮೇಲೆ ಕುರ್ಚಿಯನ್ನು ಬಾಗಿಲಿಗೆ ಒತ್ತರಿಸುತ್ತಾನೆ. ಆಮೇಲೆ ಹೊಡೆತದ ಮೇಲೆ ಹೊಡೆತ. ಹೊಡೆದಷ್ಟೂ ಜೋಕರ್ ನಗುತ್ತಾನೆ. ಆ ನಗು ನಮಗೆ ಭಯ ಹುಟ್ಟಿಸುವುದು ಎದುರಿಗಿರುವವನ ಕೈ ನಡುಗುವ ಸ್ಥಿತಿಗೆ ಬಂದಿದೆ ಅಂತ ನಮಗೆ ಕಾಣುವುದರಿಂದ. ಬೇಲ್‌ಗೆ ಮುಖದಲ್ಲಿ ಉಳಿದಿರುವುದು ಎರಡು ಕಣ್ಣು ಮತ್ತು ದವಡೆ ಮಾತ್ರ. ಅಷ್ಟರಲ್ಲೇ ಒಬ್ಬ ಬಲಶಾಲಿ ತನ್ನ ಬಲ ಕೆಲಸಕ್ಕೆ ಬಾರದ್ದು ಅಂತ ಅರಿಯುವುದನ್ನು ಅವರು ತೋರಿಸುತ್ತಾರೆ. ತಬಲಾ ಗಟ್ಟಿಯಾಗಿ ತಾಳ ಹಿಡಿಯದಿದ್ದರೆ ಹಾಡುಗಾರ ಎಷ್ಟೇ ಹಾರಾಡಿದರೂ ಅದು ಬರೀ ಸದ್ದು.

ಬೇಲ್‌ರ ಗೊಗ್ಗರು ಧ್ವನಿಯನ್ನು ನೀವು ಟೀಕಿಸಿದ್ದೀರಿ. ಅದನ್ನು ಉಳಿಸಿಕೊಳ್ಳಿ, ಆದರೆ ಎಲ್ಲಿ ಅಂತ ಹೇಳಿ. ಚಿಕ್ಕ ಮಾತುಗಳಲ್ಲಿ ಆ ಧ್ವನಿ ಸರಿಯಾಗಿಯೇ ಕೂರುತ್ತದೆ. ಕೊನೆಯಲ್ಲಿ ಜೋಕರ್ ತಲೆಕೆಳಗಾಗಿ ನೇತಾಡುವಾಗ ಬ್ಯಾಟ್‌ಮನ್ ಉದ್ದುದ್ದ ಮಾತಾಡುತ್ತಾನಲ್ಲ, ಅಲ್ಲಿ ಅದು ನನಗೂ ಭಾರ ಅನ್ನಿಸುತ್ತದೆ.

ರೇಚಲ್ ಬಗ್ಗೆ ಒಂದೇ ಸಾಲು, 'ನಾಯಕಿಗೆ ಕೆಲಸವಿಲ್ಲ'. ಅದು ಚಿತ್ರಕಥೆಯ ಮೇಲಿನ ದೂರು, ನಟಿಯ ಮೇಲೆ ಹಾಕಬೇಡಿ. ಕೇಟಿ ಹೋಮ್ಸ್ ಬಿಟ್ಟ ಪಾತ್ರಕ್ಕೆ ಬಂದ ಮ್ಯಾಗಿ ಜಿಲೆನ್‌ಹಾಲ್, ಪಾತ್ರದ ಕೊನೆಯ ಕ್ಷಣದಲ್ಲಿ ಪ್ರಿಯಕರ, ಸರ್ಕಾರಿ ವಕೀಲ ಡೆಂಟ್‌ಗೆ ಸಮಾಧಾನ ಹೇಳುತ್ತಿರುವಾಗಲೇ ಮಾತು ಅರ್ಧಕ್ಕೆ ಕಡಿದುಹೋಗುತ್ತದೆ. ಸಿಕ್ಕ ಅಷ್ಟು ಜಾಗದಲ್ಲಿ ಅವರು ಮಾಡಿದ್ದು ಕಡಿಮೆಯಲ್ಲ. ಆಮೇಲೆ ಬ್ಯಾಟ್‌ಮನ್ ಮನೆಯ ಬಟ್ಲರ್ ಆಲ್ಫ್ರೆಡ್ ಆಗಿ ಮೈಕೇಲ್ ಕೇನ್, ರೇಚಲ್ ಬರೆದಿಟ್ಟ ಕಾಗದವನ್ನು ತಿಂಡಿಯ ಟ್ರೇಯಿಂದ ಸದ್ದಿಲ್ಲದೆ ವಾಪಸ್ ತೆಗೆದುಕೊಳ್ಳುತ್ತಾರೆ. ಕೈ ಮಾತ್ರ ಚಲಿಸುತ್ತದೆ. ಜೋಕರ್ ಇಲ್ಲದ ದೃಶ್ಯ ಇದು. ಇಲ್ಲೂ ನೀವು ಅವನಿಗಾಗಿ ಕಾಯುತ್ತಿದ್ದಿರಾ?

ನಿಮ್ಮ ಮೂರನೇ ಪುಟದಲ್ಲಿ ಒಂದು ವಾಕ್ಯ ಇದೆ. ನೀವೇ ಅದನ್ನು ಕಂಸದಲ್ಲಿ ಬಚ್ಚಿಟ್ಟಿದ್ದೀರಿ: 'ಗಾರ್ಡನ್ ಮಗನಿಗೆ ಸುಳ್ಳು ಹೇಳುವಾಗ ನನ್ನ ಅಪ್ಪನ ಧ್ವನಿ ಕೇಳಿಸಿತು.' ಓದಿ ನಿಂತುಬಿಟ್ಟೆ. ಡೆಂಟ್ ಮಗುವಿನ ತಲೆಗೆ ಬಂದೂಕು ಹಿಡಿದಿದ್ದಾನೆ. ಏನೂ ಆಗುವುದಿಲ್ಲ ಅಂತ ಮಗನಿಗೆ ಸುಳ್ಳು ಹೇಳು, ನಾನು ರೇಚಲ್‌ಗೆ ಹೇಳಿದ ಹಾಗೆ, ಅನ್ನುತ್ತಾನೆ. ಗಾರ್ಡನ್ ಆಗಿ ಗ್ಯಾರಿ ಓಲ್ಡ್‌ಮನ್ ಆ ಸುಳ್ಳನ್ನು ಹೇಳುತ್ತಾರೆ. ಯಾವ ಅಬ್ಬರವೂ ಇಲ್ಲ. ಇಡೀ ಸಿನಿಮಾದಲ್ಲಿ ಕನ್ನಡಕ, ಮೀಸೆಯ ಹಿಂದೆ ದಣಿದ ಸರ್ಕಾರಿ ನೌಕರನಾಗಿ ತಗ್ಗಿಕೊಂಡೇ ಇದ್ದವರು ಅಲ್ಲಿ ಬರೀ ಒಬ್ಬ ಅಪ್ಪ. ಇದನ್ನು ನೀವು ಕಂಡಿದ್ದೀರಿ, ಅದೂ ನಿಮ್ಮದೇ ಕಿವಿಯಿಂದ ಕೇಳಿದ್ದೀರಿ. ಹಾಗಿದ್ದೂ 'ಉಳಿದವರ ಬಗ್ಗೆ ಹೇಳುವುದಕ್ಕೆ ಜಾಸ್ತಿ ಏನಿಲ್ಲ' ಅಂತ ಯಾಕೆ ಬರೆದಿರಿ? ಎಲ್ಲರೂ ಲೆಡ್ಜರ್ ಬಗ್ಗೆಯೇ ಮಾತಾಡುತ್ತಾರೆ, ನಾನೂ ಅದನ್ನೇ ಹೇಳಬೇಕು ಅನ್ನಿಸಿರಬೇಕು. ಆ ಒತ್ತಡಕ್ಕೆ ಮಣಿಯಬೇಡಿ. ನಿಮ್ಮ ಹೊಸ ಬರಹ ಆ ಕಂಸದೊಳಗಿನ ವಾಕ್ಯದಿಂದ ಶುರುವಾಗಲಿ. ಲೆಡ್ಜರ್ ಎರಡನೆಯವರಾಗಿ ಬರಲಿ.

ಡೆಂಟ್‌ಗೂ ಜಾಗ ಕೊಡಿ. ಆ ಪಾತ್ರ ಮಾಡಿದ ಆರನ್ ಎಕಾರ್ಟ್, ಡೆಂಟ್‌ನ ಮುಖ ಸುಟ್ಟ ಮೇಲೆ ಬದಲಾದರು ಅಂತ ಬರೆದಿದ್ದೀರಿ. ಅದಕ್ಕಿಂತ ಎಷ್ಟೋ ಮುಂಚೆ, ಜೋಕರ್‌ನ ಕಡೆಯವನೊಬ್ಬನನ್ನು ಕಟ್ಟಿಹಾಕಿ ನಾಣ್ಯ ಚಿಮ್ಮುತ್ತಾ ಬಂದೂಕು ಹಿಡಿಯುವ ದೃಶ್ಯ ಇದೆಯಲ್ಲ, ಆ ನಗುಮುಖದ ವಕೀಲನ ಸಿಟ್ಟು ಅಲ್ಲೇ ಹೊರಬಿದ್ದಿದೆ. ಆ ನಾಣ್ಯಕ್ಕೆ ಎರಡೂ ಕಡೆ ತಲೆಯೇ ಇರುವುದರಿಂದ ಅವನು ಕೊಲ್ಲುತ್ತಿರಲಿಲ್ಲ ಅನ್ನಬಹುದು. ಎಕಾರ್ಟ್ ಮುಖ ನೋಡಿದರೆ ನನಗೆ ಆ ನಂಬಿಕೆ ಬರುವುದಿಲ್ಲ. ನಿಮಗೆ ಬರುತ್ತದೆಯಾ, ಬರೆಯಿರಿ.

ಗಳಿಕೆಯ ಲೆಕ್ಕ, ಎಂಟು ಆಸ್ಕರ್ ನಾಮನಿರ್ದೇಶನಗಳ ಪಟ್ಟಿ, ಕೊನೆಯ 'ಒಟ್ಟಿನಲ್ಲಿ ತಪ್ಪದೇ ನೋಡಿ' ಪ್ಯಾರಾ, ಮೂರನ್ನೂ ತೆಗೆದುಬಿಡಿ. ಸಾವಿನ ಪುಟವೂ ಹೋದರೆ ನಿಮಗೆ ಸುಮಾರು 800 ಪದ ಉಳಿಯುತ್ತದೆ. ನಮಗೆ ಅಷ್ಟೇ ಬೇಕಾಗಿರುವುದು. ಬರೆದಾದ ಮೇಲೆ ವಿಚಾರಣೆ ದೃಶ್ಯದ ಭಾಗವನ್ನು, ಸಿನಿಮಾ ನೋಡದ ಯಾರಿಗಾದರೂ ಜೋರಾಗಿ ಓದಿ ಹೇಳಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ತಿದ್ದಿ, ನೇರ ನನ್ನ ಹೆಸರಿಗೇ ಕಳಿಸಿ.

ನಿಮ್ಮ,
ಸಂಪಾದಕ