ಟಿಪ್ಸಿಗೆ ಕಾಯಬೇಡಿ, ಅರ್ಜೆಂಟ್ ಚಾರ್ಜ್ ಹಾಕಿ

ರಾತ್ರಿಯೆಲ್ಲ ನಿದ್ದೆಗೆಟ್ಟು ಲೋಗೋ ಮಾಡಿಕೊಟ್ಟೆ, ಆನ್‌ಲೈನಲ್ಲಿ ಫ್ರೀಲ್ಯಾನ್ಸ್ ಕೆಲಸ ಸಿಗುವ ಫೈವರ್ (Fiverr) ಸೈಟಿನಲ್ಲಿ ಐದು ಸ್ಟಾರ್ ಬಂತು, ಟಿಪ್ಸ್ ಮಾತ್ರ ಬರಲಿಲ್ಲ, ನಿರೀಕ್ಷಿಸಿದ್ದು ತಪ್ಪಾ ಅಂತ ಕೇಳಿದ್ದೀರಿ. ಬೇಜಾರಾಗುವುದು ಸಹಜ. ಆದರೂ ಟಿಪ್ಸನ್ನು ದುಡಿಮೆಯ ಲೆಕ್ಕಕ್ಕೆ ಹಿಡಿಯಬೇಡಿ. ಹೋಟೆಲಿನ ಸಪ್ಲೈಯರ್ ತನ್ನ ಸಂಬಳ ತಾನೇ ಗೊತ್ತುಮಾಡಲ್ಲ, ನಾವು ನಮ್ಮ ರೇಟು ನಾವೇ ಹೇಳ್ತೀವಿ. ಕೇಳಿದ್ದು ಕೊಟ್ಟಾಯ್ತಲ್ಲ ಅಂತ ಕ್ಲೈಂಟ್ ಅಂದುಕೊಂಡರೆ ಅವರದೇನೂ ತಪ್ಪಿಲ್ಲ. ಅಲ್ಲದೆ ಫೈವರ್ ಟಿಪ್ಸಿನಲ್ಲೂ ಶೇ. 20 ಹಿಡಿದುಕೊಳ್ಳುತ್ತೆ, 10 ಡಾಲರ್ ಕೊಟ್ಟರೆ ನಿಮಗೆ ಸಿಗೋದು 8.

ನಾನು ಮದುವೆ ಕಾರ್ಡ್ ಡಿಸೈನ್ ಮಾಡ್ತೀನಿ. ಒಂದು ಸಲ ಪ್ರಿಂಟಿಗೆ ಹೋಗುವ ಹಿಂದಿನ ರಾತ್ರಿ ಮುಹೂರ್ತ ಬದಲಾಯ್ತು, ಜೊತೆಗೆ ಸೋದರಮಾವನ ಹೆಸರು ಬಿಟ್ಟುಹೋಗಿದೆ ಅಂತ ಫೋನು. ಬೆಳಗಿನ ಜಾವ ನಾಲ್ಕಕ್ಕೆ ಫೈಲ್ ಕಳಿಸಿದೆ. ಒಂದು ರೂಪಾಯಿ ಹೆಚ್ಚಿಗೆ ಬರಲಿಲ್ಲ, ಯಾಕಂದ್ರೆ ನಾನು ಕೇಳಿರಲೇ ಇಲ್ಲ. ಈಗ ಕೊಟೇಶನ್‌ನಲ್ಲೇ ಬರೀತೀನಿ: ಎರಡು ಸಲ ತಿದ್ದುಪಡಿ ಫ್ರೀ, ಆಮೇಲೆ ಸಲಕ್ಕೆ 300 ರೂಪಾಯಿ, 24 ಗಂಟೆಯೊಳಗೆ ಬೇಕಿದ್ದರೆ ಶೇ. 30 ಜಾಸ್ತಿ. ಜನ ಒಪ್ಪಿಕೊಂಡೇ ಕೊಡ್ತಾರೆ. ನೀವೂ ಗಿಗ್‌ನಲ್ಲಿ, ಅಂದ್ರೆ ಫೈವರ್‌ನಲ್ಲಿ ನಿಮ್ಮ ಕೆಲಸ, ದರ ಹಾಕಿರುವ ಪುಟದಲ್ಲಿ, ಬೇಗ ಡೆಲಿವರಿಗೆ ಬೇರೆ ದರ ಇಡಿ, ಅದಕ್ಕೆ ಅಲ್ಲೇ ಆಯ್ಕೆ ಇದೆ.

ಯಾರಾದರೂ ತಾವಾಗಿಯೇ ಟಿಪ್ಸ್ ಕೊಟ್ಟರೆ ಸಂಕೋಚಪಡದೆ ತಗೊಳ್ಳಿ. ದಾವಣಗೆರೆಯ ಅಜ್ಜಿಯೊಬ್ಬರು ಮೊಮ್ಮಗಳ ಕಾರ್ಡ್ ನೋಡಿ, "ಅರಿಶಿನ ಕುಂಕುಮಕ್ಕೆ ಇಟ್ಕೋ ತಾಯಿ" ಅಂತ 501 ರೂಪಾಯಿ ಹಾಕಿಸಿದ್ದರು. ಆ ಮೆಸೇಜ್ ಇನ್ನೂ ಡಿಲೀಟ್ ಮಾಡಿಲ್ಲ.